ಸೊನ್ನೆಗಿಂತ ಕೆಳಗಿದ್ದ ನನ್ನ ಭಾವಮೈದುನ

ಒಬ್ಬೊಬ್ಬರಿಗೆ ಒಂದೊಂದು ಚಟ. ಕೆಲವರು ತಂಬಾಕು ತಿಕ್ಕುತ್ತಾರೆ, ಕೆಲವರು ಕೂತಲ್ಲೇ ತೊಡೆ ಅಲ್ಲಾಡಿಸುತ್ತಾರೆ, ನಮ್ಮ ಮಾವನವರು ಹೋದ ಮನೆಗಳ ಗೋಡೆ ಗಡಿಯಾರಕ್ಕೆಲ್ಲ ಕೀಲಿ ಕೊಟ್ಟು ಬರುತ್ತಿದ್ದರು. ನನ್ನದು ಶೇಕಡಾ ತೆಗೆಯುವ ಚಟ. ಕಣ್ಣಿಗೆ ಬಿದ್ದದ್ದು ಯಾವುದೇ ಇರಲಿ, ಅದು ಎಷ್ಟು ಕೆಲಸ ಮಾಡಬಹುದಿತ್ತು, ಎಷ್ಟು ಮಾಡಿತು ಎಂದು ನೋಡಿ ನೂರಕ್ಕೆ ಇಷ್ಟು ಎಂದು ಹೇಳದಿದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ. ಕ್ಷೌರಕ್ಕೆ ಕೂತರೆ ಕತ್ತರಿ ನಡೆದ ಹೊತ್ತೆಷ್ಟು, ಬಾಯಿ ನಡೆದ ಹೊತ್ತೆಷ್ಟು ಎಂದು ಕನ್ನಡಿಯಲ್ಲಿ ನೋಡುತ್ತಲೇ ಭಾಗಾಕಾರ ಮಾಡುತ್ತೇನೆ. ನನ್ನ ಮದುವೆಯಲ್ಲಿ ಬ್ಯಾಂಡಿನವರ ಪೈಕಿ ಒಬ್ಬ ಬರೀ ತುತ್ತೂರಿಯನ್ನು ತುಟಿಗಿಟ್ಟುಕೊಂಡು ನಿಂತಿದ್ದನ್ನು ಮಂಟಪದಲ್ಲಿ ಕೂತೇ ಕಂಡುಹಿಡಿದವನು ನಾನು. "ತಾಳಿ ಕಟ್ಟೂ ಮುಂದ ಇವರ ತುಟಿ ಅಲಗಾಡಾಕತ್ತಿದ್ವು, ಮಂತ್ರ ಹೇಳಾಕತ್ತಾರ ಅಂತ ತಿಳಕೊಂಡಿದ್ನಿ" ಎಂದು ನನ್ನ ಹೆಂಡತಿ ಕಸ್ತೂರಿ ಇವತ್ತಿಗೂ ಬಂದವರ ಮುಂದೆಲ್ಲ ಹೇಳುತ್ತಾಳೆ. ಹೊಸದಾಗಿ ಸಂಸಾರ ಹೂಡಿದಾಗ ಅವಳು ಬಡಿದ ಹತ್ತು ರೊಟ್ಟಿಯಲ್ಲಿ ಏಳು ಉಬ್ಬಿದವೆಂದೂ, ನೂರಕ್ಕೆ ಎಪ್ಪತ್ತೆಂದರೆ ಕೆಟ್ಟದ್ದೇನಲ್ಲವೆಂದೂ ಮೆಚ್ಚಿಕೊಂಡೇ ಹೇಳಿದ್ದೆ. ಅಂದಿನಿಂದ ಉಬ್ಬದ ಮೂರು ತಪ್ಪದೆ ನನ್ನ ತಾಟಿಗೇ ಬರುತ್ತವೆ.

ಇದು ನನ್ನ ಹುಟ್ಟುಗುಣವಲ್ಲ, ಹೊಟ್ಟೆಪಾಡು. ಇಚಲಕರಂಜಿಯ ಒಂದು ಬಟ್ಟೆ ಗಿರಣಿಯಲ್ಲಿ ಮಗ್ಗಗಳ ಎಫಿಶಿಯನ್ಸಿ ತೆಗೆಯುವ ಗುಮಾಸ್ತ ನಾನು. ಪಾಳಿ ಮುಗಿದ ಮೇಲೆ ಶೆಡ್ಡಿಗೆ ಹೋಗಿ ಒಂದೊಂದು ಮಗ್ಗ ಎಷ್ಟು ನೇಯ್ದಿದೆ, ನಿಲ್ಲದೆ ನಡೆದಿದ್ದರೆ ಎಷ್ಟು ನೇಯುತ್ತಿತ್ತು ಎಂದು ಬರೆದುಕೊಂಡು, ಅದರ ಹಣೆಬರಹವನ್ನು ಶೇಕಡಾದಲ್ಲಿ ತೆಗೆದು ವೀವಿಂಗ್ ಮಾಸ್ತರರ ಮೇಜಿನ ಮೇಲಿಡಬೇಕು. ಇಷ್ಟು ವರ್ಷ ಈ ಕೆಲಸ ಮಾಡಿದವನಿಗೆ ಮನುಷ್ಯರೂ ಮಗ್ಗದಂತೆ ಕಂಡರೆ ಆಶ್ಚರ್ಯವೇನಿಲ್ಲ. ನಾವಿರುವುದು ಕಬನೂರಿನಲ್ಲಿ. ಬಲಕ್ಕೆ ಮಗ್ಗ, ಎಡಕ್ಕೆ ಮಗ್ಗ, ಹಿತ್ತಲ ಗೋಡೆಯಾಚೆ ಇನ್ನೂ ನಾಲ್ಕು ಮಗ್ಗ. ಹಗಲೆಲ್ಲ ಖಟಖಟ ಖಟಖಟ. ನಮ್ಮ ಓಣಿಯಲ್ಲಿ ಒಳಮನೆಯವರಿಗೆ ಏನಾದರೂ ಹೇಳಬೇಕಾದರೆ ಒದರಬೇಕು, ಒದರಿದ್ದು ಕೇಳದಿದ್ದರೆ ಅವರೇ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಂದು "ಏನಂದ್ರಿ?" ಎನ್ನಬೇಕು. ಈ ಮಾತು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇಂಥ ಊರಿಗೆ ಬಾಸ್ಕೆಟ್‌ಬಾಲ್ ಬಂದದ್ದು ನಮ್ಮ ಮಾಲಕರ ಕಾಲಗುಣದಿಂದ. ಅವರು ಯಾವುದೋ ಯಂತ್ರ ಖರೀದಿಗೆ ಮುಂಬಯಿಗೆ ಹೋದವರು ಅಲ್ಲಿ ಒಂದು ದೊಡ್ಡ ಮಿಲ್ಲಿನವರ ಆಟ ನೋಡಿ, ಯಂತ್ರ ಬಿಟ್ಟು ಎರಡು ಕಬ್ಬಿಣದ ಬಳೆ ಮತ್ತು ಬಲೆ ತಂದರು. ಗಿರಣಿಯ ಹಿಂದೆ ಹತ್ತಿ ಅಂಡಿಗೆ ಇಳಿಸುತ್ತಿದ್ದ ಜಾಗಕ್ಕೆ ಸಿಮೆಂಟು ಬಿತ್ತು, ಎರಡೂ ಕಡೆ ಕಂಬ ಎದ್ದವು, ಎತ್ತರ ಇದ್ದವರನ್ನೆಲ್ಲ ಗೇಟಿನಲ್ಲೇ ಹಿಡಿದು ಟೀಮು ಮಾಡಿದರು. ಕೊಲ್ಹಾಪುರದ ಕಡೆ ಆಟವೆಂದರೆ ಕುಸ್ತಿ, ಕುಸ್ತಿ ಬಿಟ್ಟರೆ ಫುಟ್‌ಬಾಲ್, ಉಳಿದದ್ದೆಲ್ಲ ಹುಡುಗಿಯರ ಕುಂಟಾಬಿಲ್ಲೆ. ಮೊದಲ ಸಲ ನಾವು ಅಲ್ಲಿ ಆಡಲು ಹೋದಾಗ ಪಕ್ಕದ ತಾಲೀಮಿನ, ಅಂದರೆ ಗರಡಿಮನೆಯ, ಮುದುಕ ಪೈಲ್ವಾನರೊಬ್ಬರು ಬಂದು ಕಂಬದ ಕೆಳಗೆ ನಿಂತು, ಕತ್ತೆತ್ತಿ ಬಲೆಯೊಳಗಿಂದ ಆಕಾಶ ನೋಡಿ, ಬುಟ್ಟಿಗೆ ತಳವೇ ಇಲ್ಲವಲ್ಲ, ಹಾಕಿದ್ದೆಲ್ಲ ಕೆಳಗೇ ಬೀಳುತ್ತದಲ್ಲ, ಇದರಲ್ಲಿ ಹಾಕಿ ಏನು ಪ್ರಯೋಜನ ಎಂದು ಮರಾಠಿಯಲ್ಲಿ ಕೇಳಿದರು. ನಿಜ ಹೇಳುತ್ತೇನೆ, ಆ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ.

ಟೀಮಿನ ಉಸ್ತುವಾರಿ ನಮ್ಮ ವೀವಿಂಗ್ ಮಾಸ್ತರ್ ಕುಲಕರ್ಣಿ ಸಾಹೇಬರದು. ಅಂಕಿ ಕಂಡರೆ ನನಗೆ ಬರೀ ಪ್ರೀತಿ, ಅವರಿಗೆ ಭಕ್ತಿ. ಒಂದು ವರ್ಷ ದೀಪಾವಳಿ ಮುಗಿದು ಜಿಲ್ಲೆಯ ಲೀಗ್ ಪಂದ್ಯಗಳು ಶುರುವಾಗುವ ಮುಂಚೆ ನನ್ನನ್ನು ಕರೆದು, ಮಗ್ಗಕ್ಕೆ ತೆಗೆಯುವಂತೆ ಆಟಗಾರರಿಗೂ ಒಂದು ಎಫಿಶಿಯನ್ಸಿ ತೆಗೆಯಿರಿ, ಯಾರನ್ನು ಆಡಿಸಬೇಕು ಯಾರನ್ನು ಕೂರಿಸಬೇಕು ಎಂಬ ತಕರಾರೇ ಬೇಡ ಎಂದರು. ಇನ್ನೊಂದು ಮಾತನ್ನೂ ಹೇಳಿದರು. ಟೀಮಿನಲ್ಲಿ ಇದ್ದವರಲ್ಲಿ ಹಲವರು ಬದಲಿ ಕಾಮಗಾರರು, ಅಂದರೆ ಕಾಯಂ ಆದವನು ರಜೆ ಹಾಕಿದ ದಿನ ಮಾತ್ರ ಕೆಲಸ ಸಿಗುವವರು. ದಿನಾ ಬೆಳಿಗ್ಗೆ ಗೇಟಿನ ಹೊರಗೆ ನಿಂತು, ಇವತ್ತು ಯಾರಿಗೆ ಜ್ವರ ಬಂದಿದೆ, ಯಾರ ಮನೆಯಲ್ಲಿ ಸತ್ತಿದ್ದಾರೆ ಎಂದು ಆಸೆಯಿಂದ ಕಾಯುವುದು ಅವರ ಬಾಳು. ಶಿವರಾತ್ರಿಗೆ ಲೀಗ್ ಮುಗಿದಾಗ ಸಾಹೇಬರು ಯಾರ ಹೆಸರು ಹೇಳುತ್ತಾರೋ ಆ ಆಟಗಾರರನ್ನು ಮಾಲಕರು ಕಾಯಂ ಮಾಡುವವರಿದ್ದರು.

ಈಗ ಮಲ್ಲೂನ ವಿಷಯಕ್ಕೆ ಬರುತ್ತೇನೆ. ಮಲ್ಲೂ ಕಸ್ತೂರಿಯ ಬೆನ್ನಿಗೆ ಬಿದ್ದ ತಮ್ಮ, ಗಡಹಿಂಗ್ಲಜದವನು. ನಮ್ಮ ಮನೆಯ ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರ, ಬಾಗಿಲು ತುಂಬುವಷ್ಟು ಅಗಲ. ನಮ್ಮ ಗಿರಣಿಯಲ್ಲೇ ಬದಲಿ ಕಾಮಗಾರ, ನಮ್ಮ ಟೀಮಿನಲ್ಲೇ ಆಟಗಾರ, ಊಟ ನಮ್ಮ ಮನೆಯಲ್ಲೇ. ಆಜರಾದಲ್ಲಿ ಅವನಿಗೊಂದು ಹೆಣ್ಣು ನೋಡಿದ್ದರು. ಹುಡುಗಿಯ ಅಪ್ಪ ಶಿವಲಿಂಗಪ್ಪನವರಿಗೆ ಭತ್ತದ ಗದ್ದೆ, ಗೇರು ತೋಟ, ಅಕ್ಕಿ ವ್ಯಾಪಾರ ಎಲ್ಲ ಇತ್ತು. ಹುಡುಗ ಒಪ್ಪಿಗೆ, ಹುಡುಗಿ ಒಪ್ಪಿಗೆ, ಆದರೆ ಬದಲಿಯವನಿಗೆ ಮಗಳನ್ನು ಕೊಡುವುದಿಲ್ಲ, ಶಿವರಾತ್ರಿಯೊಳಗೆ ಕಾಯಂ ಆದರೆ ಹೇಳಿ ಕಳಿಸಿ, ಇಲ್ಲದಿದ್ದರೆ ನಮ್ಮೂರಲ್ಲೇ ಒಬ್ಬ ಶಾಲೆ ಮಾಸ್ತರ ಇದ್ದಾನೆ ಎಂದು ಅವರು ಕಡ್ಡಿ ಮುರಿದಂತೆ ಹೇಳಿದ್ದರು. ಮಲ್ಲೂ ಆ ಹುಡುಗಿಯನ್ನು ನೋಡಿದ್ದು ಒಂದೇ ಸಲ. ಅಂದಿನಿಂದ ರೊಟ್ಟಿ ತಿನ್ನುವಾಗ ನಡುವೆ ನಿಲ್ಲಿಸಿ ಗೋಡೆ ನೋಡುತ್ತಿದ್ದ.

ನಾನು ಸೂತ್ರ ಕಟ್ಟಿದೆ. ಎಂಥ ಸೂತ್ರ ಅಂತೀರಿ! ಬುಟ್ಟಿಗೆ ಹಾಕಿದ ಚೆಂಡಿಗೆ ಇಷ್ಟು, ಬುಟ್ಟಿಯ ಹಿಂದಿನ ಹಲಗೆಗೆ ಬಡಿದು ಬಂದ ಚೆಂಡನ್ನು ಹಿಡಿದರೆ ಇಷ್ಟು, ಇನ್ನೊಬ್ಬ ಹಾಕುವಂತೆ ಕೈಗೆ ಕೊಟ್ಟರೆ ಇಷ್ಟು. ಹಾಕಲು ಹೋಗಿ ತಪ್ಪಿದರೆ ಕಳೆ, ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟರೆ ಕಳೆ, ಮೈಮೇಲೆ ಬಿದ್ದು ಫೌಲ್ ಆದರೆ ಕಳೆ. ಒಟ್ಟು ಬಂದದ್ದನ್ನು ಆಡಿದ ನಿಮಿಷಗಳಿಂದ ಭಾಗಿಸಬೇಕು. ಭಾನುವಾರ ಬಂತೆಂದರೆ ಟೀಮಿನ ಜೊತೆ ಟೆಂಪೊದಲ್ಲಿ ಹೋಗಿ, ಗೆರೆಯ ಹೊರಗೆ ಕುರ್ಚಿ ಹಾಕಿಸಿಕೊಂಡು ಗುರುತು ಹಾಕುತ್ತಿದ್ದೆ. ಆಟ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿರುತ್ತಿರಲಿಲ್ಲ, ಏಕೆಂದರೆ ನಾನು ಆಟ ನೋಡುತ್ತಿರಲಿಲ್ಲ, ಗುರುತು ಹಾಕುತ್ತಿದ್ದೆ. ಸೋಮವಾರ ಟೈಮ್ ಆಫೀಸಿನ ಗೋಡೆಗೆ ಪಟ್ಟಿ ಅಂಟಿಸುತ್ತಿದ್ದರು. ಹಾಜರಿ ಹಾಕಲು ಬಂದವರೆಲ್ಲ ಅದರ ಮುಂದೆ ಗುಂಪುಗಟ್ಟಿ ನಿಂತು ಓದುವುದನ್ನು ಕಿಟಕಿಯೊಳಗಿಂದ ನೋಡುವಾಗ ನನಗೆ ನನ್ನ ಮೇಲೆಯೇ ಗೌರವ ಹುಟ್ಟುತ್ತಿತ್ತು.

ಪಟ್ಟಿಯ ನೆತ್ತಿಯ ಮೇಲೆ ಶಿಂದೆ. ಈ ಶಿಂದೆ ಒಳ್ಳೆಯ ಹುಡುಗ, ಆದರೆ ಕೈಗೆ ಚೆಂಡು ಸಿಕ್ಕರೆ ಸ್ವಂತ ಅಣ್ಣ ಕೇಳಿದರೂ ಕೊಡುವವನಲ್ಲ. ಎಸೆದದ್ದರಲ್ಲಿ ಅರ್ಧಕ್ಕರ್ಧ ಬೀಳುತ್ತಿದ್ದವು, ಆದ್ದರಿಂದ ಅವನ ಅಂಕಿ ಏರುತ್ತಲೇ ಇತ್ತು. ಪಟ್ಟಿಯ ಪಾದದಲ್ಲಿ ಮಲ್ಲೂ. ಕೆಳಗೆ ಎಂದರೆ ಬರೀ ಕೆಳಗಲ್ಲ, ಸೊನ್ನೆಗಿಂತ ಕೆಳಗೆ. ಅವನು ಬುಟ್ಟಿಗೆ ಚೆಂಡು ಹಾಕುತ್ತಲೇ ಇರಲಿಲ್ಲ, ಹಾಕಲು ನೋಡುತ್ತಲೂ ಇರಲಿಲ್ಲ. ಹಲಗೆಯ ಕೆಳಗೆ ಯಾರಿಗೋ ಅಡ್ಡ ನಿಂತಿರುತ್ತಿದ್ದ, ಅಷ್ಟೇ. ಬಂದ ಚೆಂಡನ್ನು ಪಕ್ಕದವನು ಹಿಡಿಯುತ್ತಿದ್ದ. ಅವನ ಹೆಸರಿನ ಮುಂದೆ ಬೀಳುತ್ತಿದ್ದದ್ದು ಫೌಲ್ ಒಂದೇ. ಮಗ್ಗ ಇಡೀ ಪಾಳಿ ನಿಂತೇ ಇದ್ದರೂ ಸೊನ್ನೆ ಬರುತ್ತದೆ. ಸೊನ್ನೆಗಿಂತ ಕೆಳಗೆ ಬರಬೇಕಾದರೆ ಅದು ಮೊನ್ನೆ ನೇಯ್ದ ಬಟ್ಟೆಯನ್ನು ಬಿಚ್ಚಿ ನೂಲು ಮಾಡಿ ಕೊಡಬೇಕು. ಹಾಗೆ ಮಾಡುವ ಮಗ್ಗವನ್ನು ನಾನು ನನ್ನ ಸರ್ವಿಸಿನಲ್ಲಿ ಕಂಡಿರಲಿಲ್ಲ, ನನ್ನ ಹೆಂಡತಿಯ ತಮ್ಮನಲ್ಲಿ ಕಂಡೆ.

ಕುಲಕರ್ಣಿ ಸಾಹೇಬರು ಪಟ್ಟಿ ನೋಡಿದರು, ಮಾಲಕರಿಗೂ ತೋರಿಸಿದರು, ಮಲ್ಲೂನನ್ನು ಬೆಂಚಿನ ಮೇಲೆ ಕೂರಿಸಿದರು. ಕೂರಿಸಿದ ಸುದ್ದಿ ನಾನು ಮನೆ ಮುಟ್ಟುವುದಕ್ಕೆ ಮೊದಲೇ ಮನೆ ಮುಟ್ಟಿತ್ತು. ಅಂದು ತಾಟಿಗೆ ಬಿದ್ದ ರೊಟ್ಟಿಗಳಲ್ಲಿ ಒಂದೂ ಉಬ್ಬಿರಲಿಲ್ಲ. ಕಸ್ತೂರಿ ಜಗಳ ಮಾಡಿದ್ದರೆ ನಾನು ತಾಳಿಕೊಳ್ಳುತ್ತಿದ್ದೆ. ಅವಳು ಚಟ್ನಿಯ ಬಟ್ಟಲನ್ನು ನನ್ನ ಮುಂದಿಟ್ಟು, ಎದುರಿಗೆ ಕೂತು, ಮೆಲ್ಲಗೆ ಕೇಳಿದಳು:

"ಅಲ್ರೀ, ಸ್ವಂತ ಮೇವುಣನ್ನ, ಹೆಂಡ್ತಿ ತಮ್ಮನ್ನ, ಸೊನ್ನಿಗಿಂತ ಕೆಳಗ ಬರದು ಗ್ವಾಡಿಗಿ ಹಚ್ಚೀರಿ. ನಾಳೆ ಆಜರಾದವರು ಬಂದು ಆ ಗ್ವಾಡಿ ನೋಡಿದ್ರ ನಾ ಏನ್ ಹೇಳ್ಲಿ?"

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಗಂಡಸಿಗೆ ತತ್ವ ಎಂಬುದೊಂದು ಇರುತ್ತದೆ ನೋಡಿ, ಅದು ಇಂಥ ಹೊತ್ತಿನಲ್ಲೇ ಎದ್ದು ಕೂರುತ್ತದೆ. "ಮೇವುಣ ಅಂತ ಒಂದು ಕೂಡಿಸಿ, ಪರದೇಶಿ ಅಂತ ಒಂದು ಕಳದು ಬರಿಯಾಕ ಬರೂದಿಲ್ಲ. ಲೆಕ್ಕ ಅಂದ್ರ ಲೆಕ್ಕಾನ" ಎಂದೆ. ಅವಳು ಆ ಮಾತನ್ನು ಕೇಳಿ ತಲೆಯಾಡಿಸಿ ಎದ್ದು ಹೋದಳು. ಆ ಮಾತನ್ನು ಅವಳು ಮರೆಯಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಮಲ್ಲೂನಾದರೂ ಕೂಗಾಡಬೇಕಿತ್ತು. ಅವನು ಬೆಂಚಿನ ಮೇಲೆ ಕೂತು, ಆಡುವವರ ಟವೆಲ್ಲು ಮಡಿಚಿ, ನೀರು ಕೊಟ್ಟು, ಊಟದ ಹೊತ್ತಿಗೆ ತಪ್ಪದೆ ನಮ್ಮ ಮನೆಗೆ ಬಗ್ಗಿ ಬರುತ್ತಿದ್ದ. ಒಂದು ದಿನ ಕೈ ತೊಳೆಯುವಾಗ ಮಾತ್ರ, "ನಿಮ್ಮ ಲೆಕ್ಕ ತಪ್ಪಂಗಿಲ್ಲ ಬಿಡ್ರಿ ಮಾಮಾ. ಆಜರಾದವರಿಗಿ ಅಷ್ಟ ನೀವ ಹೇಳಿ ಕಳಸ್ರಿ, ನನ್ನ ಬಾಯಿಲೆ ಹೇಳಾಕ ಆಗೂದಿಲ್ಲ" ಎಂದ. ಆ ಎತ್ತರದ ಆಳು ಹಾಗೆ ತಲೆ ತಗ್ಗಿಸಿದ್ದನ್ನು ಕಂಡು ನನಗೆ ಅಳು ಬಂದಿತು. ಅತ್ತೆನೆಂದು ಬರೆದರೆ ಕಸ್ತೂರಿ ನಂಬುವುದಿಲ್ಲ, ಆದ್ದರಿಂದ ಬಂದಿತು ಎಂದಷ್ಟೇ ಬರೆದಿದ್ದೇನೆ.

ಇತ್ತ ಟೀಮು ಸೋಲತೊಡಗಿತು. ಗೋಕುಳ ಶಿರಗಾಂವದ ಫೌಂಡ್ರಿಯವರು ನಮ್ಮನ್ನು ಅವರ ಭಟ್ಟಿಯಲ್ಲೇ ಹಾಕಿ ಕರಗಿಸಿ ಕಳಿಸಿದರು. ಅವರ ಹಿಂದೆ ಕೊಲ್ಹಾಪುರದವರು. ಬುದ್ಧಿಗೆ ನಿಲುಕದ ಸಂಗತಿಯೆಂದರೆ ಶಿಂದೆಯ ಅಂಕಿ ಆಗಲೂ ಏರುತ್ತಿತ್ತು. ಮೇಲಿನ ನಾಲ್ಕೂ ಹೆಸರುಗಳ ಅಂಕಿ ಚೆನ್ನಾಗಿಯೇ ಇತ್ತು. ಎಲ್ಲ ಮಗ್ಗವೂ ಚೆನ್ನಾಗಿ ನಡೆದಿವೆ, ಆದರೆ ಗೋದಾಮಿನಲ್ಲಿ ಬಟ್ಟೆಯೇ ಇಲ್ಲ ಎಂದರೆ ಗುಮಾಸ್ತ ಏನು ಮಾಡಬೇಕು? ನಾನು ಗುಣಾಕಾರ ಮತ್ತೆ ಮಾಡಿದೆ, ಭಾಗಾಕಾರ ಮತ್ತೆ ಮಾಡಿದೆ. ಸೂತ್ರದಲ್ಲಿ ಒಂದು ಕೂದಲೆಳೆಯಷ್ಟು ದೋಷ ಸಿಗಲಿಲ್ಲ. ಆಟದ ದೋಷವೇ ಇರಬೇಕೆಂದು ಸಮಾಧಾನ ಮಾಡಿಕೊಂಡೆ.

ದಾರಿ ಕಂಡದ್ದು ಶೆಡ್ಡಿನಲ್ಲಿ. ಅದೇ ವಾರ ನಮ್ಮ ಮೂರನೆಯ ಸಾಲಿನ ಮಗ್ಗಗಳೆಲ್ಲ ಒಟ್ಟಿಗೆ ಕೈಕೊಟ್ಟವು. ಅದೇ ನೂಲು, ಅದೇ ನೇಕಾರರು, ಆದರೂ ಶೇಕಡಾ ದಿನದಿನಕ್ಕೆ ಇಳಿಯುತ್ತಿತ್ತು. ವಿಚಾರಿಸಿದರೆ ಆ ಸಾಲಿನ ಜಾಬರ್ ದಾದೂ ಹೆಂಡತಿಯ ತವರಿಗೆ ಹೋಗಿ ಕೂತಿದ್ದಾನೆ. ಜಾಬರ್ ಎಂದರೆ ಮಗ್ಗಗಳ ನಡುವೆ ಪಾನಾ ಹಿಡಿದು ತಿರುಗುವವನು. ಎಲ್ಲಿ ಪಟ್ಟಾ ಸಡಿಲಾಗಿದೆ, ಎಲ್ಲಿ ಲಾಳಿ ಎಡವುತ್ತಿದೆ ಎಂದು ನೋಡಿ ಮಗ್ಗ ನಿಲ್ಲುವ ಮೊದಲೇ ಸರಿಮಾಡುವವನು. ಅವನು ಸ್ವಂತ ಒಂದು ಗೇಣು ಬಟ್ಟೆ ನೇಯುವುದಿಲ್ಲ. ನಾನು ಇಷ್ಟು ವರ್ಷ ಎಲ್ಲದರ ಶೇಕಡಾ ತೆಗೆದವನು, ದಾದೂನದು ಒಂದು ದಿನವೂ ತೆಗೆದಿರಲಿಲ್ಲ. ಮೀಟರಿನಲ್ಲಿ ತೆಗೆದಿದ್ದರೆ ಸೊನ್ನೆ ಬರುತ್ತಿತ್ತು. ಎಣ್ಣೆಯ ಡಬ್ಬಿ ಉರುಳಿಸಿದ್ದನ್ನು ಕಳೆದರೆ ಸೊನ್ನೆಗಿಂತ ಕೆಳಗೆ ಬರುತ್ತಿತ್ತು.

ನಾನು ಆ ಖಟಖಟದ ನಡುವೆ ಹಾಗೇ ನಿಂತುಬಿಟ್ಟೆ. ಅಯ್ಯೋ ನನ್ನ ಕರ್ಮವೇ, ನಾನು ಜಾಬರನನ್ನು ಹಿಡಿದು ಎಷ್ಟು ಮೀಟರ್ ನೇಯ್ದೆ ಎಂದು ಕೇಳಿದ್ದೆನಲ್ಲ! ಜಾಬರನ ಯೋಗ್ಯತೆ ನೋಡಬೇಕಾದರೆ ಅವನನ್ನು ನೋಡಬಾರದು, ಅವನ ಸಾಲನ್ನು ನೋಡಬೇಕು. ಅವನು ಇದ್ದಾಗ ಸಾಲು ಹೇಗಿತ್ತು, ಇಲ್ಲದಾಗ ಹೇಗಾಯಿತು, ಅಷ್ಟೇ. ಮಲ್ಲೂನನ್ನೂ ಹಾಗೇ ನೋಡಬೇಕು. ಅವನು ಅಂಗಳದಲ್ಲಿ ನಿಂತಿರುವಷ್ಟು ಹೊತ್ತು ನಾವು ಎಷ್ಟು ಹಾಕಿದೆವು, ಅವರು ಎಷ್ಟು ಹಾಕಿದರು. ಅವನು ಬೆಂಚಿಗೆ ಹೋದ ಮೇಲೆ ಎಷ್ಟು, ಎಷ್ಟು. ಚೆಂಡು ಯಾರ ಕೈಯಲ್ಲಿತ್ತು ಎಂಬುದು ಬೇಕಾಗಿಯೇ ಇಲ್ಲ. ಈ ಲೆಕ್ಕಕ್ಕೆ ನಾನು 'ಇದ್ದಾಗ-ಇಲ್ಲದಾಗ' ಎಂದು ಹೆಸರಿಟ್ಟೆ. ದೊಡ್ಡ ದೊಡ್ಡ ದೇಶಗಳಲ್ಲಿ ಇದಕ್ಕೆ ಬೇರೆ ಹೆಸರಿರಬಹುದು. ಕಬನೂರಿನಲ್ಲಿ ಇದೇ ಹೆಸರು.

ಇದನ್ನು ಕುಲಕರ್ಣಿ ಸಾಹೇಬರಿಗೆ ಹೇಳಲು ಹೋದಾಗ ಅವರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆಂದರೆ ಶೆಡ್ಡಿನಲ್ಲಿ ಜನ ದೂರ ಸರಿಯುತ್ತಾರೆ. ಅವತ್ತು ಸೊನ್ನೆಗಿಂತ ಕೆಳಗೆ ಎಂದವರು ನೀವು, ಇವತ್ತು ಮೇಲೆ ಎನ್ನುವವರು ನೀವು, ನಡುವೆ ನಾನು ಮಾಲಕರಿಗೆ ತೋರಿಸಿಬಿಟ್ಟಿದ್ದೇನೆ, ಹುಡುಗ ನಿಮ್ಮ ಹೆಂಡತಿಯ ತಮ್ಮ ಎಂದು ಇಡೀ ಗಿರಣಿಗೆ ಗೊತ್ತು, ಇದನ್ನು ಜನ ಏನೆಂದು ತಿಳಿಯುತ್ತಾರೆ ಎಂದು ಕೇಳಿದರು. ಕೇಳಿದ್ದು ಸರಿಯಾಗಿಯೇ ಇತ್ತು. ನಾನು ದಾದೂನ ಕಥೆ ಹೇಳಿದೆ. ಅವರು ವೀವಿಂಗ್ ಮಾಸ್ತರರು, ಜಾಬರ್ ಇಲ್ಲದ ಸಾಲಿನ ಕಷ್ಟ ಅವರಿಗೆ ನನಗಿಂತ ಗೊತ್ತು. ಕೊನೆಯ ಪಂದ್ಯ ಗಡಹಿಂಗ್ಲಜದಲ್ಲಿ ಕಾಲೇಜು ಹುಡುಗರ ಜೊತೆ ಇದೆ, ಅಲ್ಲಿ ಅವನನ್ನು ಒಂದಿಷ್ಟು ಹೊತ್ತು ಒಳಗೆ, ಒಂದಿಷ್ಟು ಹೊತ್ತು ಹೊರಗೆ ಇಡುತ್ತೇನೆ, ನಿಮ್ಮ ಇದ್ದಾಗ-ಇಲ್ಲದಾಗ ನನ್ನ ಕಣ್ಣಿಗೇ ಕಾಣಲಿ, ಕಾಣದಿದ್ದರೆ ಮಲ್ಲೂನ ಹೆಸರನ್ನು ನಾನು ಬಿಡುತ್ತೇನೆ, ಆಟದ ಲೆಕ್ಕವನ್ನು ನೀವು ಬಿಡಿ ಎಂದರು. ಮಲ್ಲೂನ ಬಾಳುವೆಯೆಲ್ಲ ಒಂದು ಭಾನುವಾರದ ಮೇಲೆ ಬಂದು ನಿಂತಿತು.

ಅಷ್ಟು ಸಾಲದೆಂದು ಆ ಭಾನುವಾರ ಶಿವಲಿಂಗಪ್ಪನವರೂ ಬಂದರು. ಹುಡುಗ ಗಡಹಿಂಗ್ಲಜದಲ್ಲಿ ಆಡುತ್ತಾನೆಂದು ಯಾರೋ ಹೇಳಿದ್ದಕ್ಕೆ ಆಜರಾದಿಂದ ಬಸ್ಸು ಹತ್ತಿ ನೇರ ಮೈದಾನಕ್ಕೇ ಬಂದು, ನನ್ನ ಪಕ್ಕದಲ್ಲಿ ಧೋತರ ಸರಿಮಾಡಿಕೊಂಡು ಕೂತರು. ಜೇಬಿನ ತುಂಬ ಹುರಿದ ಗೇರುಬೀಜ. ನನಗೂ ಒಂದು ಹಿಡಿ ಕೊಟ್ಟರು. ಗಂಟಲಲ್ಲಿ ಇಳಿಯಲಿಲ್ಲ. ಮಲ್ಲೂ ಒಳಗೆ ಹೋದ. ಹಲಗೆಯ ಕೆಳಗೆ ಹೋಗಿ, ಎರಡೂ ಕೈ ಮೇಲೆತ್ತಿ, ಕಾಲೇಜಿನ ಒಬ್ಬ ಧಡೂತಿ ಹುಡುಗನಿಗೆ ಅಡ್ಡ ನಿಂತ. ಶಿಂದೆ ಹಾಕಿದ. ಎಲ್ಲರೂ ಚಪ್ಪಾಳೆ ಹೊಡೆದರು. ಶಿಂದೆ ಮತ್ತೆ ಹಾಕಿದ. ಶಿವಲಿಂಗಪ್ಪನವರು ನನ್ನ ಕಡೆ ವಾಲಿ ಕೇಳಿದರು:

"ನಮ್ಮ ಹುಡುಗ ಎಷ್ಟ್ ಹಾಕ್ಯಾನ್ರಿ?"

ಏನೂ ಹಾಕಿಲ್ಲ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ಇನ್ನೂ ಇಲ್ಲ ಎಂದೆ. ಯಾವಾಗ ಹಾಕುತ್ತಾನೆ ಎಂದು ಕೇಳಿದರು. ಹಾಕುವುದೇ ಇಲ್ಲ ಎಂದೆ. ಅವರು ಬೀಜ ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಆ ನೋಟದಲ್ಲಿ ಆಜರಾದ ಮಾಸ್ತರ ನನಗೆ ಸ್ಪಷ್ಟವಾಗಿ ಕಂಡ.

ಆಗ ನಾನು ಅವರ ಹೆಗಲ ಮೇಲಿನ ಟವೆಲ್ಲನ್ನು ಕೇಳಿ ತೆಗೆದುಕೊಂಡು ನಮ್ಮಿಬ್ಬರ ನಡುವೆ ಹಾಸಿದೆ. ಮಲ್ಲೂ ಒಳಗೆ ಇರುವಷ್ಟು ಹೊತ್ತು ನಾವು ಹಾಕಿದ ಒಂದೊಂದಕ್ಕೆ ನನ್ನ ಕಡೆಗೆ ಒಂದು ಗೇರುಬೀಜ, ಅವರು ಹಾಕಿದ ಒಂದೊಂದಕ್ಕೆ ನಿಮ್ಮ ಕಡೆಗೆ ಒಂದು ಬೀಜ ಇಡಿ, ಹುಡುಗನನ್ನು ನೋಡಬೇಡಿ, ಗುಂಪೆ ನೋಡಿ ಎಂದೆ. ವ್ಯಾಪಾರದ ಮನುಷ್ಯ, ತಕ್ಷಣ ಹಿಡಿದರು. ಬೀಜ ಇಡತೊಡಗಿದರು. ಕಾಲೇಜಿನ ಧಡೂತಿ ಹುಡುಗನಿಗೆ ಹಲಗೆಯ ಕೆಳಗೆ ಜಾಗವೇ ಸಿಗದೆ ದೂರದಿಂದ ಎಸೆಯುತ್ತಿದ್ದ, ಎಸೆದದ್ದು ಬೀಳುತ್ತಿರಲಿಲ್ಲ. ನಮ್ಮ ಗುಂಪೆ ಬೆಳೆಯಿತು. ಮಲ್ಲೂನನ್ನು ಹೊರಗೆ ಕರೆದರು, ನಾವು ಬೀಜ ನಿಲ್ಲಿಸಿದೆವು. ಅಷ್ಟರಲ್ಲೇ ಅವರು ನಮ್ಮ ಕುತ್ತಿಗೆಯವರೆಗೂ ಬಂದರು. ಮಲ್ಲೂ ಮತ್ತೆ ಒಳಗೆ, ಮತ್ತೆ ಬೀಜ. ಆ ಸೀಸನ್ನಿನಲ್ಲಿ ಮೊದಲ ಸಲ ನಾನು ಗುರುತು ಹಾಕುವುದನ್ನು ಬಿಟ್ಟು ಆಟ ನೋಡಿದೆ. ಭಾಳ ಚಂದ ಆಟ. ಮಲ್ಲೂ ಅಡ್ಡ ನಿಂತು ತೆರವು ಮಾಡಿದ ದಾರಿಯಲ್ಲೇ ಶಿಂದೆ ಅಷ್ಟೆಲ್ಲ ಹಾಕುತ್ತಿದ್ದಾನೆ ಎಂಬುದು ಕಣ್ಣಿದ್ದವರಿಗೆಲ್ಲ ಕಾಣುವಂತಿತ್ತು, ನಾನೊಬ್ಬ ತಲೆ ಬಗ್ಗಿಸಿ ಬರೆಯುತ್ತಿದ್ದೆ.

ಒಮ್ಮೆ ಟವೆಲ್ಲಿನ ಕಡೆ ನೋಡಿದೆ. ಶಿವಲಿಂಗಪ್ಪನವರು ಆಟದ ಗುಂಗಿನಲ್ಲಿ, ಕೈಯಳತೆಯಲ್ಲಿದ್ದ ಗುಂಪೆಯಿಂದ, ಅಂದರೆ ಕಾಲೇಜಿನವರ ಗುಂಪೆಯಿಂದ, ಒಂದೊಂದೇ ಬೀಜ ಎತ್ತಿ ತಿನ್ನುತ್ತಿದ್ದರು. ಎದುರಾಳಿಗಳ ಅರ್ಧ ಅಂಕ ಅವರ ಹೊಟ್ಟೆಯಲ್ಲಿತ್ತು. ನಾನು ಬಾಯಿ ತೆರೆದೆ. ಲೆಕ್ಕ ಎಂದರೆ ಲೆಕ್ಕ ಎಂದು ಹೆಂಡತಿಯ ಮುಂದೆ ಎದೆ ಸೆಟೆಸಿದವನು ನಾನು. ತೆರೆದ ಬಾಯಿಗೆ ಅವರೇ ಕೊಟ್ಟಿದ್ದ ಹಿಡಿಯಿಂದ ಒಂದು ಬೀಜ ಹಾಕಿಕೊಂಡು ಮುಚ್ಚಿದೆ. ಇಷ್ಟು ಹೊತ್ತೂ ಇಳಿಯದಿದ್ದದ್ದು ಆಗ ಸಲೀಸಾಗಿ ಇಳಿಯಿತು.

ಆಟ ಮುಗಿದಾಗ ನಾವು ಗೆದ್ದಿದ್ದೆವು. ಟವೆಲ್ಲಿನ ಮೇಲೆ ನಮ್ಮದು ಗುಡ್ಡ, ಅವರದು ನಾಲ್ಕು ಕಾಳು. ನಿಜದ ಲೆಕ್ಕದಲ್ಲೂ ಮಲ್ಲೂ ಇದ್ದಾಗ ನಾವೇ ಮುಂದಿದ್ದೆವು, ಆದರೆ ಅಷ್ಟೊಂದು ಮುಂದಲ್ಲ. ಕುಲಕರ್ಣಿ ಸಾಹೇಬರು ಗೆರೆಯ ಆಚೆಯಿಂದ ನನ್ನನ್ನು ನೋಡಿ ಕನ್ನಡಕ ಹಾಕಿಕೊಂಡರು. ನನಗೆ ಅಷ್ಟು ಸಾಕಿತ್ತು. ಶಿವಲಿಂಗಪ್ಪನವರು ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡು, "ತಾ ಹಾಕೂದಿಲ್ಲ, ಖರೆ ಮನ್ಯಾಗ ಇದ್ರ ಮನಿ ತುಂಬತೈತಿ. ಇಂಥಾವ್ನ ಬೇಕ್ರಿ ನಮಗ" ಎಂದರು. ಮಲ್ಲೂ ಬೆವರು ಒರೆಸಿಕೊಳ್ಳುತ್ತ ಬಂದು ಅವರ ಕಾಲಿಗೆ ಬಿದ್ದ. ಅವನಿಗೆ ಈ ಗೇರುಬೀಜದ ವಿಷಯ ನಾನು ಇನ್ನೂ ಹೇಳಿಲ್ಲ.

ಮಲ್ಲೂ ಕಾಯಂ ಆದ. ಬೇಸಿಗೆಯಲ್ಲಿ ಮದುವೆಯೂ ಆಯಿತು. ಬ್ಯಾಂಡಿನವರ ಕಡೆ ನಾನು ತಿರುಗಿಯೂ ನೋಡಲಿಲ್ಲ. ನನ್ನ ತಾಟಿಗೆ ಮತ್ತೆ ಉಬ್ಬಿದ ರೊಟ್ಟಿ ಬೀಳುವ ಕಾಲ ಬಂತೆಂದು ತಿಳಿದು, ಒಂದು ಸಂಜೆ ಕಸ್ತೂರಿಗೆ ನನ್ನ ಇದ್ದಾಗ-ಇಲ್ಲದಾಗ ಸೂತ್ರವನ್ನು ಮೊದಲಿನಿಂದ ಕೊನೆಯವರೆಗೆ, ದಾದೂ ಜಾಬರನ ಸಮೇತ, ವಿವರಿಸಿ ಹೇಳಿದೆ. ಇದು ನಾನು ಮಾಡಿದ ತಪ್ಪು. ಅವಳು ಅವರೆಕಾಯಿ ಸುಲಿಯುತ್ತ ಬಹಳ ಲಕ್ಷ್ಯಗೊಟ್ಟು ಕೇಳಿದಳು. ಕೇಳಿ ಮುಗಿದ ಮೇಲೆ, ದೀಪಾವಳಿಯಿಂದ ಶಿವರಾತ್ರಿಯವರೆಗೆ ಭಾನುವಾರಗಳಲ್ಲಿ ನಾನು ಟೀಮಿನ ಜೊತೆ ಊರೂರು ತಿರುಗುತ್ತಿದ್ದೆನಲ್ಲ, ಆ ಭಾನುವಾರಗಳನ್ನು ಒಂದೊಂದಾಗಿ ತೆಗೆದಳು. ಆ ದಿನಗಳಲ್ಲಿ ಹಾಲು ಉಕ್ಕಿರಲಿಲ್ಲ. ನಳದ ನೀರು ಹೊತ್ತಿಗೆ ಸರಿಯಾಗಿ ತುಂಬಿತ್ತು. ಮಕ್ಕಳು ತಾವಾಗಿ ಓದಲು ಕೂತಿದ್ದವು. ಮಗ್ಗಲು ಮನೆಯವರ ಜೊತೆ ಒಂದೂ ತಕರಾರಿಲ್ಲ. ಎಲ್ಲಕ್ಕೂ ಹೆಚ್ಚಾಗಿ, ರೊಟ್ಟಿ ಹತ್ತಕ್ಕೆ ಹತ್ತೂ ಉಬ್ಬಿದ್ದವು. ನಾನು ಮನೆಯಲ್ಲಿದ್ದ ಭಾನುವಾರಗಳ ಹಾಡು ಇಲ್ಲಿ ಬರೆಯುವುದಿಲ್ಲ.

ನಾನು ವಾದ ಮಾಡದೆ ಬಿಡಲಿಲ್ಲ. ಈ ಸೂತ್ರದಲ್ಲಿ ಒಂದು ದೊಡ್ಡ ದೋಷವಿದೆ, ಒಬ್ಬನ ಜೊತೆ ಅಂಗಳದಲ್ಲಿ ಇನ್ನು ಯಾರಿದ್ದರು ಎಂಬುದನ್ನೂ ನೋಡಬೇಕು, ನಾನು ಮನೆಯಲ್ಲಿರುವ ದಿನವೇ ನಿನ್ನ ಅವ್ವನೂ ಬಂದಿರುತ್ತಾಳೆ, ಸುಲಭದ ದಿನಗಳಲ್ಲಿ ನನ್ನನ್ನು ಆಡಿಸುವುದೇ ಇಲ್ಲ ಎಂದೆ. ಕಸ್ತೂರಿ ಸಿಪ್ಪೆಯನ್ನೆಲ್ಲ ಮೊರಕ್ಕೆ ಬಳಿದುಕೊಂಡು ಏಳುತ್ತ, "ಗಂಡ ಅಂತ ಒಂದು ಕೂಡಿಸಿ ಬರಿಯಾಕ ಬರೂದಿಲ್ರಿ. ಲೆಕ್ಕ ಅಂದ್ರ ಲೆಕ್ಕಾನ" ಎಂದಳು.

ಅಂದಿನಿಂದ ಲೀಗ್ ಇಲ್ಲದ ಭಾನುವಾರಗಳಲ್ಲಿ ನನ್ನ ಜಾಗ ಹೊರಗಿನ ಕಟ್ಟೆ. ಈ ಪ್ರಬಂಧವನ್ನೂ ಇಲ್ಲೇ ಕೂತು ಬರೆಯುತ್ತಿದ್ದೇನೆ. ಒಳಗೆ ಮಲ್ಲೂ ತನ್ನ ಹೆಂಡತಿಯ ಜೊತೆ ಬಂದಿದ್ದಾನೆ, ಎಲ್ಲರೂ ನಗುತ್ತಿರುವುದು ಬಾಗಿಲಿಂದ ಕಾಣುತ್ತಿದೆ, ಮನೆಯ ಅಂಕ ಏರುತ್ತಿರುವುದು ನನಗೆ ಇಲ್ಲಿಂದಲೇ ಗೊತ್ತಾಗುತ್ತಿದೆ. ಈಗ ಒಂದು ಗಳಿಗೆಯ ಹಿಂದೆ ಮೂಗಿಗೆ ಹಾಲಿನ ವಾಸನೆ ಬಡಿಯಿತು. ಹಾಲು ಏರುತ್ತಿದೆ, ಒಲೆಯ ಮುಂದೆ ಕಸ್ತೂರಿ ಒಬ್ಬಳೇ ಇದ್ದಾಳೆ, ಉಕ್ಕಿದರೆ ಅದು ನಾನಿಲ್ಲದಾಗಿನ ಖಾತೆಗೆ ಬೀಳುತ್ತದೆ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಆದರೆ ಮನುಷ್ಯನಿಗೆ ಎಷ್ಟಾದರೂ ಸಂಸಾರ ಎಂದರೆ ಕರುಳು ಕೇಳಬೇಕಲ್ಲ. ಎದ್ದು ಬಾಗಿಲಿಗೆ ಬಾಯಿ ಹಚ್ಚಿ, ಹಾಲು ನೋಡೇ ಎಂದು ಒದರಿದೆ. ಮಗ್ಗಗಳ ಖಟಖಟದಲ್ಲಿ ಅವಳಿಗೆ ಕೇಳಲಿಲ್ಲ. ಒಲೆ ಬಿಟ್ಟು ಎದ್ದು ಹೊಸ್ತಿಲವರೆಗೆ ಬಂದು, ಸೆರಗಿಗೆ ಕೈ ಒರೆಸುತ್ತ, "ಏನಂದ್ರಿ?" ಎಂದಳು. ಅವಳ ಬೆನ್ನ ಹಿಂದೆ ಹಾಲು ಸುರ್ರೆಂದು ಒಲೆಗೆ ಇಳಿಯಿತು.